ಬ್ರೇಕರ್ ಯಂತ್ರದ ಅದುರು: ಸದ್ದಿಗಿರುವ ಅಳತೆ ಕೈಗೆ ಯಾಕಿಲ್ಲ?

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ದೇಶದಾದ್ಯಂತ ಜಾರಿಗೆ ಬಂದವು. ಕಾರ್ಖಾನೆ ಕಾಯ್ದೆ, ಗಣಿ ಕಾಯ್ದೆ, ಕಟ್ಟಡ ಕಾರ್ಮಿಕರ ಕಾಯ್ದೆ ಸೇರಿದಂತೆ 13 ಹಳೆಯ ಕಾನೂನುಗಳು ‘ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ–2020’ರೊಳಗೆ ಸೇರಿಹೋದವು. ನಲವತ್ತು ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂಬ ಮಾತು ಆಗ ಎಲ್ಲೆಡೆ ಪ್ರಚಾರವಾಯಿತು. ಆದರೆ ತೋರಣಗಲ್ಲಿನಂಥ ಉಕ್ಕಿನ ಊರಿನಲ್ಲಿ ಕರಗಿದ ಉಕ್ಕು ತುಂಬುವ ದೊಡ್ಡ ಪಾತ್ರೆಯಾದ ಲ್ಯಾಡಲ್‌ನ ಒಳಗೋಡೆಯ ಇಟ್ಟಿಗೆ ಒಡೆಯುವವನಿಗೆ, ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಯಲ್ಲಿ ಬಂಡೆ ಕೊರೆಯುವವನಿಗೆ, ಮಾನ್ವಿ ತಾಲ್ಲೂಕಿನ ಹಳ್ಳಿಯಲ್ಲಿ ನೀರಿನ ಪೈಪಿಗಾಗಿ ಸಿಸಿ ರಸ್ತೆ ಸೀಳುವವನಿಗೆ ಇದರಿಂದ ಬದಲಾಗುವುದೇನು ಎಂಬುದು ಆ ಸುದ್ದಿಗಳಿಂದ ತಿಳಿಯುವುದಿಲ್ಲ. ಈ ಮೂವರ ಕೈಯಲ್ಲೂ ಇರುವುದು ಹೆಚ್ಚುಕಡಿಮೆ ಒಂದೇ ಜಾತಿಯ ಯಂತ್ರ: ಕಲ್ಲು, ಕಾಂಕ್ರೀಟು ಒಡೆಯುವ ಬ್ರೇಕರ್ ಅಥವಾ ಅದರ ಹತ್ತಿರದ ನೆಂಟ ಜ್ಯಾಕ್‌ಹ್ಯಾಮರ್. ಅದರ ಸದ್ದಿಗೆ ನಮ್ಮ ಕಾನೂನಿನಲ್ಲಿ ಡೆಸಿಬಲ್ ಲೆಕ್ಕದ ಮಿತಿ ಇದೆ. ಆದರೆ ಅದೇ ಯಂತ್ರ ಹಿಡಿದವನ ಅಂಗೈಗೆ ದಿನವಿಡೀ ಇಳಿಯುವ ಅದುರಿಗೆ ಒಂದು ಅಂಕಿಯೂ ಇಲ್ಲ. ಹೊಸ ಸಂಹಿತೆಯ ಅಡಿಯಲ್ಲಿ ಮಾನದಂಡಗಳನ್ನು ಹೊಸದಾಗಿ ರೂಪಿಸಬೇಕಾಗಿರುವ ಈ ಹೊತ್ತಿನಲ್ಲಿ ಮೊದಲು ತುಂಬಬೇಕಾದ ಖಾಲಿ ಜಾಗ ಇದು ಎಂಬುದು ಈ ಲೇಖನದ ವಾದ.

ಯಂತ್ರದ ಒಳಗೆ

ಬ್ರೇಕರ್ ಬಡಿಯುವ ಯಂತ್ರ, ಕೊರೆಯುವ ಯಂತ್ರವಲ್ಲ. ಕ್ವಾರಿಯ ಜ್ಯಾಕ್‌ಹ್ಯಾಮರ್ ಬಡಿಯುತ್ತಲೇ ರಾಡನ್ನು ಸ್ವಲ್ಪಸ್ವಲ್ಪ ತಿರುಗಿಸಿ ತೂತು ಮಾಡುತ್ತದೆ. ಬ್ರೇಕರಿನ ಉಳಿ ತಿರುಗುವುದಿಲ್ಲ, ಅದು ನೆಟ್ಟಗೆ ಇಳಿದು ಬೆಣೆಯ ಹಾಗೆ ಸೀಳುತ್ತದೆ. ಕಾಂಕ್ರೀಟು ಒತ್ತಡವನ್ನು ಎಷ್ಟು ತಾಳುತ್ತದೋ ಅದರ ಹತ್ತನೆಯ ಒಂದು ಭಾಗದಷ್ಟು ಮಾತ್ರ ಎಳೆತವನ್ನು ತಾಳುತ್ತದೆ, ಕಲ್ಲಿನ ಸ್ವಭಾವವೂ ಹೀಗೆಯೇ. ಹಂಪಿ–ಆನೆಗೊಂದಿಯ ಬಂಡೆಗಳ ಮೇಲೆ ಇಂದಿಗೂ ಸಾಲಾಗಿ ಕಾಣುವ ಬೆಣೆಯ ಗುಳಿಗಳನ್ನು ತೋಡಿದವರು ಈ ಗುಣವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅವರು ಬಂಡೆಯನ್ನು ಜಜ್ಜಲಿಲ್ಲ, ಅದು ಬಿರಿಯಬೇಕಾದ ಗೆರೆಯನ್ನು ಮೊದಲೇ ಗೊತ್ತುಮಾಡಿ ಬಿರಿಯುವಂತೆ ಮಾಡಿದರು.

ವಿದ್ಯುತ್ ಬ್ರೇಕರಿನಲ್ಲಿ ಮೋಟಾರು ಗೇರುಗಳ ಮೂಲಕ ಒಂದು ಕ್ರ್ಯಾಂಕನ್ನು ತಿರುಗಿಸುತ್ತದೆ, ಕ್ರ್ಯಾಂಕು ಸಿಲಿಂಡರಿನೊಳಗೆ ಪಿಸ್ಟನ್ನನ್ನು ಹಿಂದಕ್ಕೂ ಮುಂದಕ್ಕೂ ಓಡಿಸುತ್ತದೆ. ಪಿಸ್ಟನ್ನಿನ ಮುಂದೆ ಬಿಡಿಯಾಗಿರುವ ಇನ್ನೊಂದು ಉಕ್ಕಿನ ತುಂಡಿದೆ, ರಿಪೇರಿ ಅಂಗಡಿಗಳಲ್ಲಿ ಅದನ್ನು ಸ್ಟ್ರೈಕರ್ ಎನ್ನುತ್ತಾರೆ. ಪಿಸ್ಟನ್ನಿಗೂ ಸ್ಟ್ರೈಕರಿಗೂ ನಡುವೆ ಯಾವ ಕೊಂಡಿಯೂ ಇಲ್ಲ, ಇರುವುದು ಗಾಳಿ ಮಾತ್ರ. ಪಿಸ್ಟನ್ ಮುಂದೆ ನುಗ್ಗಿದಾಗ ಆ ಗಾಳಿ ಅಮುಕಿ, ಬಿಗಿದ ಸ್ಪ್ರಿಂಗಿನಂತಾಗಿ ಸ್ಟ್ರೈಕರನ್ನು ಎಸೆಯುತ್ತದೆ. ಪಿಸ್ಟನ್ ಹಿಂದೆ ಸರಿದಾಗ ನಡುವಿನ ಗಾಳಿ ತೆಳುವಾಗಿ ಸ್ಟ್ರೈಕರನ್ನು ಹಿಂದಕ್ಕೆಳೆಯುತ್ತದೆ. ಎಸೆದ ಸ್ಟ್ರೈಕರ್ ಒಂದು ಗಟ್ಟಿ ಪಿನ್ನಿಗೆ ಬಡಿಯುತ್ತದೆ, ಪಿನ್ನು ಉಳಿಯ ತಲೆಗೆ ಬಡಿಯುತ್ತದೆ. ಹದಿನೈದು ಹದಿನಾರು ಕಿಲೋ ತೂಕದ ಯಂತ್ರವೊಂದು ಹೀಗೆ ನಿಮಿಷಕ್ಕೆ 1,300ರ ಆಸುಪಾಸಿನಲ್ಲಿ, ಒಂದೊಂದು ಹೊಡೆತಕ್ಕೆ ಸುಮಾರು 40 ಜೂಲ್ ಶಕ್ತಿಯಲ್ಲಿ ಬಡಿಯುತ್ತದೆ. ನಾಲ್ಕು ಕಿಲೋ ತೂಕದ ಕಲ್ಲನ್ನು ಒಂದು ಮೀಟರ್ ಎತ್ತರದಿಂದ ಬಿಟ್ಟರೆ ಬೀಳುವ ಪೆಟ್ಟು ಎಷ್ಟೋ ಅಷ್ಟು, ಸೆಕೆಂಡಿಗೆ ಇಪ್ಪತ್ತಕ್ಕೂ ಹೆಚ್ಚು ಬಾರಿ. ಟ್ರ್ಯಾಕ್ಟರ್ ಕಂಪ್ರೆಸರಿನ ಗಾಳಿಯಲ್ಲಿ ಓಡುವ ಯಂತ್ರಗಳಲ್ಲಿ ಮೋಟಾರು, ಕ್ರ್ಯಾಂಕು ಇರುವುದಿಲ್ಲ. ಸುಮಾರು 6 ಬಾರ್ ಒತ್ತಡದ ಗಾಳಿಯನ್ನು ಒಂದು ವಾಲ್ವು ಪಿಸ್ಟನ್ನಿನ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಬಿಡುತ್ತದೆ. ಬಡಿತದ ತತ್ವ ಬೇರೆಯಲ್ಲ.

ಅದುರು ಹುಟ್ಟುವ ಜಾಗಗಳು

ಸ್ಟ್ರೈಕರನ್ನು ಮುಂದಕ್ಕೆ ತಳ್ಳುವ ಗಾಳಿ ಅಷ್ಟೇ ಬಲದಿಂದ ಯಂತ್ರದ ಮೈಯನ್ನು ಹಿಂದಕ್ಕೆ ತಳ್ಳುತ್ತದೆ. ಈ ಹಿಂದೊತ್ತು ಯಂತ್ರದ ಹುಟ್ಟುಗುಣ. ಎಷ್ಟು ಒಳ್ಳೆಯ ಕಂಪನಿಯ ಯಂತ್ರವಾದರೂ ಅದನ್ನು ಪೂರ್ತಿ ಇಲ್ಲವಾಗಿಸಲು ಆಗದು. ಎರಡನೆಯದು ಉಳಿಯಿಂದ ಮರಳಿ ಬರುವ ಪೆಟ್ಟು. ಕಾಂಕ್ರೀಟು ಒಡೆದರೆ ಹೊಡೆತದ ಶಕ್ತಿ ಬಿರುಕಿನಲ್ಲಿ ಖರ್ಚಾಗುತ್ತದೆ. ಒಡೆಯದಿದ್ದರೆ, ಉಳಿಯ ಕೆಳಗೆ ಕಬ್ಬಿಣದ ಸರಳು ಸಿಕ್ಕರೆ ಅಥವಾ ಮೊನೆ ಮೊಂಡಾಗಿದ್ದರೆ, ಆ ಶಕ್ತಿ ಬಂದ ದಾರಿಯಲ್ಲೇ ತಿರುಗಿ ಹಿಡಿಕೆಗೆ ಏರುತ್ತದೆ. ಅಂದರೆ ಕೆಲಸ ಸಾಗದ ಹೊತ್ತಿನಲ್ಲೇ ಕೈಗೆ ಪೆಟ್ಟು ಹೆಚ್ಚು.

ಇಲ್ಲಿ ದೇಹದ ಒಂದು ದುರ್ಬಲತೆಯೂ ಸೇರಿಕೊಳ್ಳುತ್ತದೆ. ಕೈಗೆ ತಗಲುವ ಅದುರನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 5349, ಸೆಕೆಂಡಿಗೆ 8ರಿಂದ 16 ಸಲದ ಅದುರಿಗೆ ಅತಿ ಹೆಚ್ಚು ತೂಕ ಕೊಡುತ್ತದೆ. ಅಲ್ಲಿಂದ ಮೇಲೆ ಹೋದಂತೆ ತೂಕ ಇಳಿಯುತ್ತದೆ. ದೊಡ್ಡ ಬ್ರೇಕರುಗಳ ಬಡಿತ ಸೆಕೆಂಡಿಗೆ 15ರಿಂದ 22 ಸಲ ಇರುವುದರಿಂದ ಅದು ಬೀಳುವುದು ಈ ಪಟ್ಟಿಯ ಅಂಚಿನಲ್ಲೇ. ಚಿಕ್ಕ ಗ್ರೈಂಡರಿನ ‘ಝುಂ’ ಎನ್ನುವ ನಡುಕಕ್ಕಿಂತ ಬ್ರೇಕರಿನ ‘ದಡದಡ’ ಮೊಣಕೈವರೆಗೂ ಏರುವುದು ಇದರಿಂದಲೇ.

ಕೈಯಲ್ಲಿ ಆಗುವುದು

ಮೊದಲು ಕಾಣುವುದು ಜೋಮು. ಕೆಲಸ ಬಿಟ್ಟ ಮೇಲೆ ಅರ್ಧ ಗಂಟೆ ಬೆರಳ ತುದಿ ಜುಮುಜುಮು ಎನ್ನುತ್ತದೆ, ರಾತ್ರಿ ಮಲಗಿದಾಗ ಮತ್ತೆ ಏಳುತ್ತದೆ. ಈ ಹಂತದಲ್ಲಿ ಯಂತ್ರ ಬಿಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಬೆರಳಿನ ಸಣ್ಣ ನರಗಳು ಸವೆದು ಸ್ಪರ್ಶವೇ ಮಂದವಾಗುತ್ತದೆ. ಅಂಗಿಯ ಗುಂಡಿ ಹಾಕಲು ನೋಡಿಕೊಂಡೇ ಹಾಕಬೇಕಾಗುತ್ತದೆ, ಜೇಬಿನಲ್ಲಿ ಬೆರಳಾಡಿಸಿದರೆ ಎರಡು ರೂಪಾಯಿ ಯಾವುದು, ಒಂದು ರೂಪಾಯಿ ಯಾವುದು ಎಂದು ಗೊತ್ತಾಗುವುದಿಲ್ಲ, ಚಹಾದ ಲೋಟ ಹಿಡಿತ ತಪ್ಪಿ ಬೀಳುತ್ತದೆ. ಹಿಡಿತದ ಬಲ ಇಳಿಯುತ್ತದೆ, ಮಣಿಕಟ್ಟು ಮತ್ತು ಮೊಣಕೈ ನೋಯುತ್ತವೆ. ಬೆರಳಿನ ರಕ್ತನಾಳಗಳು ಕೆಟ್ಟರೆ ತಂಪು ತಗಲಿದೊಡನೆ ಅವು ಬಿಗಿದುಕೊಂಡು ಬೆರಳು ಸುಣ್ಣದಂತೆ ಬಿಳಿಚುತ್ತದೆ, ರಕ್ತ ಮರಳುವಾಗ ಉರಿಯುತ್ತದೆ.

ಇಟಲಿಯ ವೈದ್ಯ ಲೊರಿಗ 1911ರಲ್ಲೇ ಗಾಳಿ ಯಂತ್ರ ಹಿಡಿದ ಕಾರ್ಮಿಕರಲ್ಲಿ ಈ ಬಿಳಿಚುವಿಕೆಯನ್ನು ಗುರುತಿಸಿದ್ದರು. ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ಇಂಡಿಯಾನಾ ರಾಜ್ಯದ ಬೆಡ್‌ಫರ್ಡಿನ ಸುಣ್ಣಕಲ್ಲು ಕೆತ್ತುವವರನ್ನು ಪರೀಕ್ಷಿಸಿ, ಉಳಿಯನ್ನು ಹಿಡಿಯುವ ಎಡಗೈಯ ಬೆರಳುಗಳೇ ಹೆಚ್ಚು ಕೆಟ್ಟಿರುವುದನ್ನು ದಾಖಲಿಸಿದರು. ಕಲ್ಲು ಒಡೆಯುವವರ ಕೈಯ ಈ ರೋಗ ವೈದ್ಯಶಾಸ್ತ್ರಕ್ಕೆ ಗೊತ್ತಾಗಿ ನೂರು ವರ್ಷ ದಾಟಿದೆ.

ಬಿಸಿಲ ನಾಡಿನಲ್ಲಿ ದಾರಿ ತಪ್ಪಿಸುವ ಹೆಸರು

ಪಶ್ಚಿಮದ ತಂಪು ದೇಶಗಳಲ್ಲಿ ಈ ಕಾಯಿಲೆಗೆ ‘ಬಿಳಿ ಬೆರಳು’ ಎಂಬ ಹೆಸರು ಬಿದ್ದದ್ದು ಚಳಿಯಲ್ಲಿ ಬೆರಳು ಬಿಳಿಚುತ್ತಿದ್ದುದರಿಂದ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ರಾಯಚೂರಿನಲ್ಲಿ ಬೆರಳು ಬಿಳಿಚುವುದನ್ನು ಕಾಯುತ್ತ ಕುಳಿತರೆ ಕಾಯಿಲೆ ಕಣ್ಣಿಗೇ ಬೀಳುವುದಿಲ್ಲ. ಬಿಸಿ ಹವೆಯ ದೇಶಗಳಲ್ಲಿ ನಡೆದ ಅಧ್ಯಯನಗಳು ಇದನ್ನೇ ಹೇಳುತ್ತವೆ: ಅಲ್ಲಿ ರಕ್ತನಾಳದ ಲಕ್ಷಣ ಕಡಿಮೆ, ನರದ ಲಕ್ಷಣವೇ ಮುಂದು. 1980ರ ದಶಕದಲ್ಲಿ ಸ್ಟಾಕ್‌ಹೋಮಿನಲ್ಲಿ ತಜ್ಞರು ಸೇರಿ ರೂಪಿಸಿದ ಮಾಪನವೂ ರಕ್ತನಾಳದ ಹಂತಗಳನ್ನು, ನರದ ಹಂತಗಳನ್ನು ಬೇರೆಬೇರೆಯಾಗಿಯೇ ಎಣಿಸುತ್ತದೆ.

ಇದರ ಪರಿಣಾಮ ಗಂಭೀರವಾದುದು. ಜೋಮು ಎಂದು ಆಸ್ಪತ್ರೆಗೆ ಬಂದ ಕಾರ್ಮಿಕನಲ್ಲಿ ವೈದ್ಯರು ಸಕ್ಕರೆ ಕಾಯಿಲೆ, ಕತ್ತಿನ ಮೂಳೆ ಸವೆತ, ವಿಟಮಿನ್ ಕೊರತೆ, ಮಣಿಕಟ್ಟಿನ ನರದ ಒತ್ತಡ ಇವನ್ನೆಲ್ಲ ಹುಡುಕುವುದು ಸರಿಯೇ. ಆದರೆ ‘ಕೈಯಲ್ಲಿ ಯಾವ ಯಂತ್ರ ಹಿಡಿಯುತ್ತೀ, ದಿನಕ್ಕೆ ಎಷ್ಟು ಹೊತ್ತು’ ಎಂದು ಕೇಳದಿದ್ದರೆ ಕಾರಣ ಚೀಟಿಯ ಮೇಲೆ ಬರುವುದೇ ಇಲ್ಲ. ಚೀಟಿಯ ಮೇಲೆ ಬಾರದ ಕಾಯಿಲೆ ಜಿಲ್ಲೆಯ ಲೆಕ್ಕಕ್ಕೂ ಬರುವುದಿಲ್ಲ, ಲೆಕ್ಕಕ್ಕೆ ಬಾರದ್ದಕ್ಕೆ ನಿಯಮವೂ ಹುಟ್ಟುವುದಿಲ್ಲ.

ವರ್ಗದ ಲೆಕ್ಕ

ಅದುರನ್ನು ಮೀ/ಸೆ² ಎಂಬ ಮಾನದಲ್ಲಿ, ಅಂದರೆ ಹಿಡಿಕೆಯ ವೇಗ ಎಷ್ಟು ಬೇಗ ಬದಲಾಗುತ್ತದೆ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಯುರೋಪಿನ ಒಕ್ಕೂಟ 2002ರ ನಿರ್ದೇಶನವೊಂದರಲ್ಲಿ ಎಂಟು ಗಂಟೆಯ ದಿನಕ್ಕೆ ಎರಡು ಗೆರೆ ಎಳೆಯಿತು: ಸರಾಸರಿ 2.5 ಮುಟ್ಟಿದರೆ ಮಾಲೀಕ ಕ್ರಮ ಕೈಗೊಳ್ಳಬೇಕು, 5ನ್ನು ದಾಟಲೇಬಾರದು. ಬ್ರಿಟನ್ 2005ರಲ್ಲಿ ಇದನ್ನು ತನ್ನ ನಿಯಮವಾಗಿಸಿಕೊಂಡಿತು. ಅಲ್ಲಿನ ಸುರಕ್ಷತಾ ಇಲಾಖೆ ಲೆಕ್ಕ ಸುಲಭವಾಗಲೆಂದು ಅಂಕಗಳ ಪದ್ಧತಿ ತಂದಿದೆ. ಮೊದಲ ಗೆರೆಗೆ 100 ಅಂಕ, ಎರಡನೆಯದಕ್ಕೆ 400. ಯಂತ್ರದ ಅದುರಿನ ಅಂಕಿಯನ್ನು ಅದರಿಂದಲೇ ಗುಣಿಸಿ (ಗಣಿತದಲ್ಲಿ ಇದೇ ‘ವರ್ಗ’), ಬಂದದ್ದನ್ನು ಎರಡರಿಂದ ಗುಣಿಸಿದರೆ ಗಂಟೆಗೆ ಎಷ್ಟು ಅಂಕ ಎಂಬುದು ಸಿಗುತ್ತದೆ.

ಹಿಡಿಕೆಯಲ್ಲಿ 10 ಮೀ/ಸೆ² ಅದುರುವ ಯಂತ್ರ ಗಂಟೆಗೆ 200 ಅಂಕ ಕೊಡುತ್ತದೆ. ಅರ್ಧ ಗಂಟೆಗೆ ಮೊದಲ ಗೆರೆ, ಎರಡು ಗಂಟೆಗೆ ಕೊನೆಯ ಗೆರೆ. ಅದೇ ಕೆಲಸಕ್ಕೆ 7 ಮೀ/ಸೆ² ಯಂತ್ರ ತಂದರೆ ಗಂಟೆಗೆ 98 ಅಂಕ, ಅಂದರೆ ಕೊನೆಯ ಗೆರೆಗೆ ನಾಲ್ಕು ಗಂಟೆ. ಅದುರು ನೂರಕ್ಕೆ ಮೂವತ್ತು ಪಾಲು ಇಳಿದರೆ ಸುರಕ್ಷಿತ ಸಮಯ ಇಮ್ಮಡಿಯಾಗುತ್ತದೆ, ಅರ್ಧಕ್ಕಿಳಿದರೆ ನಾಲ್ಕು ಮಡಿಯಾಗುತ್ತದೆ. ಸಮಯವನ್ನು ಅರ್ಧ ಮಾಡಿದರೆ ಅಂಕ ಅರ್ಧವಾಗುತ್ತದೆ ಅಷ್ಟೆ. ಒಳ್ಳೆಯ ಯಂತ್ರಕ್ಕೆ ಹಾಕಿದ ಹಣದ ಬೆಲೆ ಗೊತ್ತಾಗುವುದು ಈ ವರ್ಗದ ಲೆಕ್ಕದಲ್ಲಿ.

ಇಲ್ಲಿ ‘ಹೊತ್ತು’ ಎಂದರೆ ಹಾಜರಿ ಪುಸ್ತಕದ ಹೊತ್ತಲ್ಲ, ಸ್ವಿಚ್ಚು ಒತ್ತಿ ಹಿಡಿದ ಹೊತ್ತು. ಒಡೆದ ತುಂಡು ಎತ್ತಿಹಾಕುವ, ಉಳಿ ಬದಲಿಸುವ, ನೀರು ಕುಡಿಯುವ ಸಮಯ ಇದರಲ್ಲಿ ಸೇರದು. ದಿನವಿಡೀ ಬ್ರೇಕರ್ ಹಿಡಿದೆ ಎನ್ನುವವನ ಸ್ವಿಚ್ಚಿನ ಹೊತ್ತನ್ನು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಅಳೆದರೆ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಈ ಅಳತೆ ಮಾಡದೆ ನಡೆಯುವ, ಗುತ್ತಿಗೆದಾರರ ಮತ್ತು ಕಾರ್ಮಿಕರ ಎರಡೂ ಕಡೆಯ ವಾದಕ್ಕೆ ತಳವಿರುವುದಿಲ್ಲ.

ಕಾನೂನು ಹೇಳುವುದು, ಹೇಳದೇ ಬಿಟ್ಟದ್ದು

1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಅಡಿಯಲ್ಲಿ 1998ರಲ್ಲಿ ಬಂದ ಕೇಂದ್ರ ನಿಯಮಗಳ 34ನೇ ನಿಯಮ, ಅತಿಯಾದ ಸದ್ದು ಮತ್ತು ಕಂಪನದಿಂದ ಕಾರ್ಮಿಕರನ್ನು ಕಾಪಾಡುವುದು ಮಾಲೀಕನ ಹೊಣೆ ಎನ್ನುತ್ತದೆ. ಅಂದರೆ ಕಂಪನ ಎಂಬ ಪದ ಕಾನೂನಿಗೆ ಹೊಸದಲ್ಲ. ಆದರೆ ಅದೇ ನಿಯಮ ಸದ್ದಿಗೆ ಮಾತ್ರ ಒಂದು ಅನುಸೂಚಿಯನ್ನು ತೋರಿಸುತ್ತದೆ: ಎಂಟು ಗಂಟೆಗೆ 90 ಡೆಸಿಬಲ್, ಸದ್ದು ಏರಿದಂತೆ ಸಮಯ ಇಳಿಕೆ ಎಂಬ ಪೂರ್ಣ ಕೋಷ್ಟಕ ಅಲ್ಲಿದೆ. ಕಂಪನಕ್ಕೆ ಅಂಥ ಕೋಷ್ಟಕವಿಲ್ಲ. ಪರಿಶೀಲನೆಗೆ ಬಂದ ಅಧಿಕಾರಿ ಸದ್ದಿನ ಮೀಟರ್ ಹಿಡಿದು ‘ಮಿತಿ ಮೀರಿದೆ’ ಎಂದು ಬರೆಯಬಲ್ಲ. ಹಿಡಿಕೆ ಎಷ್ಟೇ ಅದುರಿದರೂ ಯಾವ ಮಿತಿ ಮೀರಿತೆಂದು ಬರೆಯಲು ಅವನ ಬಳಿ ಆಧಾರವಿಲ್ಲ.

ಹೊಸ ಸಂಹಿತೆ ಈ ಕೊರತೆಯನ್ನು ತಾನಾಗಿ ತುಂಬುವುದಿಲ್ಲ. ಅದರ ಮೂರನೇ ಅನುಸೂಚಿಯಲ್ಲಿ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ 29 ಔದ್ಯೋಗಿಕ ರೋಗಗಳಿವೆ. ಕಲ್ಲಿನ ದೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ಇದೆ, ಸದ್ದಿನಿಂದಾಗುವ ಕಿವುಡುತನ ಇದೆ. ಅದುರಿನಿಂದಾಗುವ ಕೈಯ ಕಾಯಿಲೆ ಇಲ್ಲ. ಪರಿಹಾರದ ಕಾನೂನು ಕೂಡ ಔದ್ಯೋಗಿಕ ರೋಗಗಳ ಪಟ್ಟಿಯೊಂದನ್ನು ಆಧರಿಸಿ ನಡೆಯುತ್ತದೆ, ಅಲ್ಲಿಯೂ ಇದಕ್ಕೆ ಜಾಗವಿಲ್ಲ. ಪಟ್ಟಿಯಲ್ಲಿರುವ ರೋಗವಾದರೆ ಅದು ಕೆಲಸದಿಂದಲೇ ಬಂದದ್ದು ಎಂಬ ಊಹೆ ಕಾರ್ಮಿಕನ ಪರವಾಗಿರುತ್ತದೆ. ಇಲ್ಲದಿದ್ದರೆ ಕೆಲಸದ ನಡುವಿನ ನಿರ್ದಿಷ್ಟ ಅಪಘಾತವೊಂದರಿಂದ ಅದು ಬಂತೆಂದು ಅವನೇ ಸಾಬೀತು ಮಾಡಬೇಕು. ಹತ್ತು ವರ್ಷ ದಿನದಿನವೂ ಸೇರಿ ಬಂದ ಜೋಮನ್ನು ಒಂದು ದಿನದ ಅಪಘಾತವಾಗಿ ತೋರಿಸುವುದು ಹೇಗೆ?

ಆರೋಗ್ಯ ತಪಾಸಣೆಯ ವಿಷಯದಲ್ಲಿ ಓದುಗರು ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಸಂಹಿತೆಯ 6ನೇ ಕಲಂ ಹೇಳುವುದು ಸರ್ಕಾರ ಗೊತ್ತುಪಡಿಸುವ ‘ವಯಸ್ಸಿನ’ ಅಥವಾ ‘ವರ್ಗದ’ ನೌಕರರಿಗೆ ಉಚಿತ ವಾರ್ಷಿಕ ಪರೀಕ್ಷೆ ಎಂದು. ಪ್ರಚಾರವಾದದ್ದು ನಲವತ್ತರ ವಯಸ್ಸು ಮಾತ್ರ. ಬ್ರೇಕರ್ ಹಿಡಿಯುವುದು ಎಳೆಯರ ಕೆಲಸ. ಇಪ್ಪತ್ತಕ್ಕೆ ಹಿಡಿದವನು ನಲವತ್ತಾಗುವವರೆಗೆ ಕಾದರೆ ಮರಳಿ ಬರಬಹುದಾದ ನರಗಳ ಹಂತ ದಾಟಿ ಎಷ್ಟೋ ವರ್ಷವಾಗಿರುತ್ತದೆ. ‘ವರ್ಗ’ ಎಂಬ ಪದವನ್ನು ಬಳಸಿ, ವಯಸ್ಸು ನೋಡದೆ, ಬಡಿಯುವ ಯಂತ್ರ ಹಿಡಿಯುವವರೆಲ್ಲರನ್ನೂ ಸೇರಿಸಲು ಕಾನೂನಿನಲ್ಲೇ ದಾರಿಯಿದೆ. ಹಾಗೆಯೇ 18ನೇ ಕಲಂ ಕೇಂದ್ರ ಸರ್ಕಾರಕ್ಕೆ ಸುರಕ್ಷತಾ ಮಾನದಂಡಗಳನ್ನು ಘೋಷಿಸುವ ಅಧಿಕಾರ ಕೊಡುತ್ತದೆ. ಅಂಕಿ ಬರಬೇಕಾದದ್ದು ಅಲ್ಲಿಂದ. ಅಲ್ಲಿಯವರೆಗೆ ಹಳೆಯ ನಿಯಮಗಳು ಸಂಹಿತೆಗೆ ವಿರುದ್ಧವಾಗದ ಮಟ್ಟಿಗೆ ಮುಂದುವರಿಯುತ್ತವೆ, ಆದ್ದರಿಂದ 34ನೇ ನಿಯಮದ ಹೊಣೆ ಅಳಿಸಿಹೋಯಿತೆಂದು ಯಾವ ಗುತ್ತಿಗೆದಾರನೂ ತಿಳಿಯಬೇಕಾಗಿಲ್ಲ.

ಇನ್ನೊಂದು ಗೊಂದಲ ಸಂಖ್ಯೆಯದು. ಸಂಹಿತೆ ಸಾಮಾನ್ಯವಾಗಿ ಅನ್ವಯವಾಗುವುದು ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ. ಗುತ್ತಿಗೆ ಕಾರ್ಮಿಕರ ಅಧ್ಯಾಯ ಅನ್ವಯವಾಗುವ ಸಂಖ್ಯೆ 20ರಿಂದ 50ಕ್ಕೆ ಏರಿದೆ. ಒಬ್ಬ ಮೇಸ್ತ್ರಿ, ಎರಡು ಬ್ರೇಕರ್, ಐದಾರು ಹುಡುಗರು ಎಂಬ ಗುಂಪೇ ನಮ್ಮ ಕಡೆಯ ಸಾಮಾನ್ಯ ಚಿತ್ರವಾಗಿರುವುದರಿಂದ ಇಂಥ ಬಹಳಷ್ಟು ಗುಂಪುಗಳು ಕಾನೂನಿನ ಜಾಲರಿಯ ಕಣ್ಣಿನಿಂದ ಕೆಳಗೆ ಜಾರುತ್ತವೆ. ಹಟ್ಟಿಯ ಚಿನ್ನದ ಗಣಿಯಂಥ ಕಡೆ ಸ್ಥಿತಿ ಬೇರೆ: ಗಣಿ ಸುರಕ್ಷತೆ ಕೇಂದ್ರದ ವಿಷಯ, ಅಲ್ಲಿ ಪರಿಶೀಲನೆಯ ಏರ್ಪಾಡೂ ಪ್ರತ್ಯೇಕ.

ಯಾರ ವಾದ ಏನು

ಗುತ್ತಿಗೆದಾರರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಅದುರು ತಗ್ಗಿಸುವ ಏರ್ಪಾಡಿರುವ ಯಂತ್ರದ ಬೆಲೆ ಹೆಚ್ಚು, ಅದರ ಬಿಡಿಭಾಗ ತಾಲ್ಲೂಕು ಊರುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಚಿಕ್ಕ ಗುತ್ತಿಗೆದಾರನಿಗೆ ಯಂತ್ರ ಸ್ವಂತದ್ದಲ್ಲ, ದಿನದ ಬಾಡಿಗೆಯದ್ದು. ಮಿತಿ ಹಾಕಿದರೆ ಅವನು ಮಾನವ ಕೆಲಸವನ್ನೇ ಬಿಟ್ಟು ಜೆಸಿಬಿಗೆ ಕಟ್ಟುವ ಬ್ರೇಕರ್ ತರುತ್ತಾನೆ, ಹುಡುಗರ ಕೂಲಿ ಹೋಗುತ್ತದೆ ಎಂಬ ಎಚ್ಚರಿಕೆಯನ್ನೂ ಕೊಡುತ್ತಾರೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆಯೇ ಕೈ ಅದುರಿಗೆ ಕಡ್ಡಾಯ ಮಿತಿ ಹಾಕಿಲ್ಲ ಎಂಬುದೂ ನಿಜ.

ಕಾರ್ಮಿಕರ ಕಡೆಯ ಆತಂಕ ಇದಕ್ಕಿಂತ ನೇರವಾದುದು. ಕೂಲಿ ನಿಗದಿಯಾಗುವುದು ಒಡೆದ ಅಳತೆಗೆ. ‘ದಿನಕ್ಕೆ ಎರಡು ಗಂಟೆ ಮಾತ್ರ ಹಿಡಿ’ ಎಂದರೆ ‘ಪಗಾರ ಅರ್ಧ’ ಎಂದೇ ಅದರ ಅರ್ಥ. ಬಾಡಿಗೆ ಯಂತ್ರವೂ ಇದೇ ದಿಕ್ಕಿಗೆ ದೂಡುತ್ತದೆ: ಸಂಜೆಗೆ ಯಂತ್ರ ಮರಳಿಸಬೇಕು, ಆದ್ದರಿಂದ ಅದು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಷ್ಟೂ ಬಿಡುವಿಲ್ಲದೆ ಗಟ್ಟಿ ಆಳಿನ ಕೈಯಲ್ಲೇ ಓಡುತ್ತಿರುತ್ತದೆ. ನನ್ನ ತೀರ್ಮಾನದಲ್ಲಿ ಸಮಸ್ಯೆಯ ಬುಡ ಇಲ್ಲೇ ಇದೆ. ಅದುರು ಯಂತ್ರದಿಂದ ಬರುತ್ತದೆ ನಿಜ. ಆದರೆ ಅದನ್ನು ಒಬ್ಬನೇ ಮನುಷ್ಯನ ಮೇಲೆ ಗಂಟೆಗಟ್ಟಲೆ ಸುರಿಯುವುದು ಅಳತೆಗೂಲಿ ಮತ್ತು ದಿನಬಾಡಿಗೆ.

ಯಂತ್ರ ಮಾರುವವರು ಕೈಪಿಡಿಯ ಅಂಕಿಯನ್ನು ತೋರಿಸುತ್ತಾರೆ. ಆ ಅಂಕಿ ಸುಳ್ಳಲ್ಲ, ಆದರೆ ಅದು ಪ್ರಯೋಗಶಾಲೆಯಲ್ಲಿ ಹೊಸ ಯಂತ್ರ, ಹೊಸ ಉಳಿ, ನಿಗದಿತ ಒತ್ತಿನಲ್ಲಿ ಬಂದದ್ದು. ಮೊಂಡ ಉಳಿ ಹಾಕಿ ಓರೆಯಾಗಿ ಒತ್ತಿದಾಗ ಕೈಗೆ ಬರುವುದು ಅದಕ್ಕಿಂತ ಹೆಚ್ಚು. ಎರಡು ಯಂತ್ರಗಳನ್ನು ಹೋಲಿಸಿ ಕೊಳ್ಳಲು ಆ ಅಂಕಿ ಸಾಕು, ಸಮಯ ನಿಗದಿ ಮಾಡಲು ಸಾಲದು.

ಸ್ಪ್ರಿಂಗಿನ ಹಿಡಿಕೆ, ಸೈಕಲ್ ಟ್ಯೂಬು, ಕೈಗವಸು

ಹಳೆಯ ಬ್ರೇಕರುಗಳ ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿ ಬಿಗಿದಿರುವುದನ್ನು ನಮ್ಮ ಕಡೆ ಯಾರೂ ನೋಡಬಹುದು. ಬೆವರಿದ ಕೈ ಜಾರದಂತೆ ಅದು ತಡೆಯುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಅದುರನ್ನು ತಡೆಯಲಾರದು. ಯಾವುದೇ ಮೆತ್ತೆ ಅಥವಾ ಸ್ಪ್ರಿಂಗಿಗೆ ತನ್ನದೇ ಆದ ಒಂದು ತೂಗಾಟದ ವೇಗವಿರುತ್ತದೆ, ಅದರ ಒಂದೂವರೆ ಪಟ್ಟಿಗೆ ಹತ್ತಿರದಷ್ಟಾದರೂ ವೇಗವಾದ ಅದುರನ್ನು ಮಾತ್ರ ಅದು ತಡೆಯಬಲ್ಲದು. ಸೆಕೆಂಡಿಗೆ 20 ಸಲದ ಬಡಿತವನ್ನು ಚೆನ್ನಾಗಿ ತಡೆಯಬೇಕಾದರೆ ಮೆತ್ತೆ ಸೆಕೆಂಡಿಗೆ ಆರೇಳು ಸಲವಷ್ಟೇ ತೂಗುವಷ್ಟು ಮೃದುವಾಗಿರಬೇಕು, ಕೈಯೊತ್ತಿಗೆ ಕೆಲವು ಮಿಲಿಮೀಟರ್ ಕುಸಿಯಬೇಕು. ಎರಡು ಸುತ್ತು ರಬ್ಬರು ಅಷ್ಟು ಕುಸಿಯುವುದಿಲ್ಲ. ‘ಕಂಪನ ನಿರೋಧಕ’ ಎಂದು ಮಾರುವ ಜೆಲ್ ಕೈಗವಸಿನ ಮಿತಿಯೂ ಇದೇ. ಗ್ರೈಂಡರಿನಂಥ ಅತಿವೇಗದ ನಡುಕಕ್ಕೆ ಅದರಿಂದ ಸ್ವಲ್ಪ ಉಪಯೋಗವಿರಬಹುದು, ಬ್ರೇಕರಿನ ನಿಧಾನ ಬಡಿತ ಅದರ ಮೂಲಕ ನೇರವಾಗಿ ದಾಟುತ್ತದೆ. ಕೈಗವಸು ಕೊಟ್ಟು ಹೊಣೆ ಮುಗಿಯಿತು ಎನ್ನುವುದು ಅಪಾಯಕಾರಿ ಸಮಾಧಾನ.

ನಿಜವಾಗಿ ಕೆಲಸ ಮಾಡುವ ಏರ್ಪಾಡುಗಳು ಎರಡು. ಒಂದು, ಹಿಡಿಕೆಯನ್ನು ಯಂತ್ರದ ಮೈಯಿಂದ ಬಿಡಿಸಿ, ಕೀಲು ಮತ್ತು ಮೃದು ಸ್ಪ್ರಿಂಗಿನ ಮೇಲೆ ಕೂರಿಸುವುದು. ಇನ್ನೊಂದು, ಮೈಯೊಳಗೆ ಸ್ಪ್ರಿಂಗುಗಳ ನಡುವೆ ಒಂದು ತೂಕವನ್ನಿಟ್ಟು, ಮೈ ಹಿಂದೆ ಹೋಗುವಾಗ ಅದು ಮುಂದೆ ಹೋಗುವಂತೆ ಬಡಿತದ ವೇಗಕ್ಕೆ ಹೊಂದಿಸುವುದು. ಎರಡರ ತಳ್ಳಾಟ ಒಂದನ್ನೊಂದು ಬಹಳಮಟ್ಟಿಗೆ ಅಳಿಸುತ್ತದೆ. ಎವಿಟಿ, ಎವಿಆರ್ ಎಂಬ ಅಕ್ಷರಗಳಿರುವ ಯಂತ್ರಗಳಲ್ಲಿ ಇಂಥ ಉಪಾಯಗಳಿವೆ.

ಆದರೆ ಸ್ಪ್ರಿಂಗಿನ ಹಿಡಿಕೆಯನ್ನು ಹಳೆಯ ರೂಢಿಯಂತೆ ಎದೆಯ ಭಾರ ಹಾಕಿ ಒತ್ತಿದರೆ ಸ್ಪ್ರಿಂಗು ತಳ ಮುಟ್ಟುತ್ತದೆ. ಆಮೇಲೆ ಹಿಡಿಕೆಗೂ ಮೈಗೂ ನಡುವೆ ಸ್ಪ್ರಿಂಗೇ ಇಲ್ಲದಂತಾಗಿ ದುಬಾರಿ ಯಂತ್ರ ಸಾದಾ ಯಂತ್ರದಷ್ಟೇ ಅದುರುತ್ತದೆ. ಹಿಡಿಕೆ ತನ್ನ ಓಡಾಟದ ಅರ್ಧದಲ್ಲಿ ತೇಲುವಂತೆ ಹಿಡಿಯಬೇಕು, ಉಳಿದದ್ದನ್ನು ಯಂತ್ರದ ತೂಕಕ್ಕೇ ಬಿಡಬೇಕು. ‘ಹೊಸ ಮಷಿನ್ ತಂದರೂ ಅಷ್ಟೇ’ ಎಂಬ ದೂರಿನ ಹಿಂದೆ ಹಲವೆಡೆ ಇರುವುದು ಈ ಒತ್ತುವ ರೂಢಿ.

ಕೆಲಸದ ಜಾಗದಲ್ಲಿ

ಸಿಸಿ ರಸ್ತೆಯೊಂದನ್ನು ಒಡೆಯುವ ರೀತಿಯನ್ನೇ ನೋಡೋಣ. ರಸ್ತೆಯ ನಡುವೆ ಉಳಿ ನೆಟ್ಟರೆ ನಾಲ್ಕೂ ಕಡೆ ಕಾಂಕ್ರೀಟು ಒತ್ತಿಹಿಡಿದಿರುವುದರಿಂದ ಅದು ಬಿರಿಯುವುದಿಲ್ಲ, ಪುಡಿಯಾಗುತ್ತದೆ. ಉಳಿ ಗೂಟದಂತೆ ಸಿಕ್ಕಿಕೊಳ್ಳುತ್ತದೆ. ಅದನ್ನು ಅಲುಗಾಡಿಸಿ, ಯಂತ್ರ ಓಡಿಸುತ್ತಲೇ ಕೀಳುವಾಗ ಕೈಗೆ ಅತಿ ಕೆಟ್ಟ ಪೆಟ್ಟು ಬೀಳುತ್ತದೆ. ಬದಲಿಗೆ ಮೊದಲು ಕಟರಿನಿಂದ ಗೆರೆ ಕೊಯ್ದು, ತೆರೆದ ಅಂಚಿನಿಂದ ಕೆಲವು ಇಂಚು ಒಳಗೆ ಉಳಿಯಿಟ್ಟು, ಅಂಚಿನ ಕಡೆಗೆ ತುಸು ಓರೆಯಾಗಿ ಹೊಡೆದರೆ ತುಂಡು ತಾನಾಗಿ ಕಳಚುತ್ತದೆ. ಆನೆಗೊಂದಿಯ ಬೆಣೆಯ ಬುದ್ಧಿಯೇ ಇದು. ಸ್ವಿಚ್ಚಿನ ಹೊತ್ತೂ ಅದುರೂ ಎರಡೂ ಒಟ್ಟಿಗೆ ಇಳಿಯುತ್ತವೆ.

ಉಳಿಯ ಮೊನೆ ಮೊಂಡಾದ ದಿನವೇ ಕುಲುಮೆಗೆ ಹೋಗಬೇಕು. ಸ್ಟ್ರೈಕರಿನ ಓ-ರಿಂಗು ಸವೆದರೆ ಗಾಳಿ ಸೋರಿ ಹೊಡೆತ ಮೆತ್ತಗಾಗುತ್ತದೆ. ಆಳು ಇನ್ನಷ್ಟು ಒತ್ತುತ್ತಾನೆ, ಇನ್ನಷ್ಟು ಹೊತ್ತು ಹಿಡಿಯುತ್ತಾನೆ. ಕೆಲವು ರೂಪಾಯಿಯ ರಬ್ಬರಿನ ಬಳೆಯೊಂದು ಕೈಯ ನರಗಳ ಲೆಕ್ಕದಲ್ಲಿ ಇಷ್ಟು ದೊಡ್ಡದು. ಉಳಿಯನ್ನು ಗಾಳಿಯಲ್ಲಿ ಎತ್ತಿಹಿಡಿದು ಯಂತ್ರ ಓಡಿಸುವುದು, ಒಡೆದ ತುಂಡನ್ನು ಉಳಿಯಿಂದಲೇ ಹಾರೆಯಂತೆ ಮೀಟುವುದು ಎರಡೂ ಯಂತ್ರಕ್ಕೂ ಕೈಗೂ ಕೇಡು.

ಆಳು ಬದಲಿಸುವುದರ ಲೆಕ್ಕ ಇನ್ನೂ ಸರಳ. ಒಂದು ದಿನದ ಕೆಲಸಕ್ಕೆ ಒಟ್ಟು ನಾಲ್ಕು ಗಂಟೆ ಸ್ವಿಚ್ಚಿನ ಹೊತ್ತು ಬೇಕು, ಯಂತ್ರದ ಅದುರು 10 ಮೀ/ಸೆ² ಎಂದಿಟ್ಟುಕೊಳ್ಳಿ. ಒಬ್ಬನೇ ಹಿಡಿದರೆ 800 ಅಂಕ, ಮಿತಿಯ ಇಮ್ಮಡಿ. ಇಬ್ಬರು ಹಂಚಿಕೊಂಡರೆ ತಲಾ 400, ಸರಿಯಾಗಿ ಗೆರೆಯ ಮೇಲೆ. ಅದೇ ಇಬ್ಬರ ಕೈಗೆ 7ರ ಯಂತ್ರ ಕೊಟ್ಟರೆ ತಲಾ 196. ಗುಂಪಿನ ಕೂಲಿ ಒಟ್ಟಾಗಿ ಬಂದು ಸಮನಾಗಿ ಹಂಚಿಕೆಯಾಗುವ ಕಡೆ ಇದಕ್ಕೆ ಯಾರ ಪಗಾರವೂ ಕಡಿಯಬೇಕಾಗಿಲ್ಲ. ಇದಕ್ಕೆ ಬೇಕಾದದ್ದು ಯಂತ್ರ ಹಿಡಿಯಲು ಕಲಿತ ಎರಡನೆಯ ಆಳು.

ಕೆಲವು ಕಡೆ ಬ್ರೇಕರಿನ ಕೆಲಸವನ್ನೇ ಕಡಿಮೆ ಮಾಡಬಹುದು. ಗ್ರಾನೈಟ್ ಕ್ವಾರಿಗಳಲ್ಲಿ ವಜ್ರದ ಮಣಿಗಳ ತಂತಿ ಗರಗಸ, ತೂತಿಗೆ ತುಂಬಿದರೆ ಉಬ್ಬಿ ಬಂಡೆ ಬಿರಿಸುವ ಪುಡಿ ಬಂದು ಕೈ ಬಡಿತವನ್ನು ತಗ್ಗಿಸಿವೆ. ಅದಿರಿನಿಂದ ಕಬ್ಬಿಣ ಮಾಡುವ ಸ್ಪಾಂಜ್ ಐರನ್ ಘಟಕಗಳ ಕಿಲ್ನ್ (ದೊಡ್ಡ ಕುಲುಮೆ) ನಿಲ್ಲಿಸಿದಾಗ ಒಳಗೋಡೆಗೆ ಅಂಟಿ ಗಟ್ಟಿಯಾದ ಪದರ ಕೆಡವುವ ಕೆಲಸ ಮಾತ್ರ ಇದಕ್ಕೆ ಸುಲಭವಾಗಿ ಒಗ್ಗದು. ಜಾಗ ಇಕ್ಕಟ್ಟು, ಕಾವು ಆರಿರುವುದಿಲ್ಲ, ಘಟಕ ನಿಂತ ಪ್ರತಿ ಗಂಟೆಗೂ ನಷ್ಟದ ಲೆಕ್ಕ ಓಡುತ್ತಿರುತ್ತದೆ. ಬ್ರೇಕರನ್ನು ತಲೆಯ ಮಟ್ಟಕ್ಕೆ ಎತ್ತಿ ಅಡ್ಡ ಹಿಡಿಯಬೇಕಾಗುವುದರಿಂದ ಅಲ್ಲಿ ಹಿಡಿತದ ಬಿಗಿಯೇ ಇಮ್ಮಡಿಯಾಗುತ್ತದೆ, ಬಿಗಿ ಹೆಚ್ಚಿದಷ್ಟೂ ಅದುರು ಎಲುಬಿಗೆ ಹೆಚ್ಚು ಇಳಿಯುತ್ತದೆ. ಯಂತ್ರವನ್ನು ಸರಪಳಿಯಿಂದ ತೂಗುಹಾಕಿ ತೂಕ ಹೊರುವ ಏರ್ಪಾಡು ಇಂಥ ಕಡೆ ಮೊದಲು ಆಗಬೇಕು.

ಮುಂದೇನಾಗಬಹುದು

ಅಂಕಿಯಿಲ್ಲದೆ ಈಗಿನಂತೆಯೇ ಬಿಟ್ಟರೆ ದೊಡ್ಡ ಕಾರ್ಖಾನೆಗಳು ತಮ್ಮ ಒಳನಿಯಮಗಳಿಂದ ಸ್ವಲ್ಪ ಸುಧಾರಿಸಬಹುದು, ಹಳ್ಳಿಯ ರಸ್ತೆ ಸೀಳುವ ಗುಂಪಿಗೆ ಏನೂ ಮುಟ್ಟುವುದಿಲ್ಲ. ಒಮ್ಮೆಗೇ ಕಟ್ಟುನಿಟ್ಟಿನ ಮಿತಿ ತಂದರೆ ಗುತ್ತಿಗೆದಾರರು ಹೇಳುವಂತೆ ಕೆಲಸ ಜೆಸಿಬಿಗೆ ಹೋಗುವುದು ಭಾಗಶಃ ನಿಜವಾಗಬಹುದು. ಆದರೆ ಓಣಿಗಳಲ್ಲಿ, ಮನೆಯ ಮಾಳಿಗೆಯ ಮೇಲೆ, ಕಿಲ್ನಿನ ಒಳಗೆ ಜೆಸಿಬಿ ಹೋಗದು. ಅಲ್ಲಿ ಕೈಯ ಬ್ರೇಕರ್ ಉಳಿದೇ ಉಳಿಯುತ್ತದೆ. ಮೊದಲ ಹಂತದಲ್ಲಿ 2.5ರಂಥ ಎಚ್ಚರಿಕೆಯ ಗೆರೆ, ಸ್ವಿಚ್ಚಿನ ಹೊತ್ತು ಬರೆದಿಡುವ ಕಡ್ಡಾಯ, ವಯಸ್ಸು ನೋಡದ ಕೈ ಪರೀಕ್ಷೆ, ರೋಗಗಳ ಪಟ್ಟಿಯಲ್ಲಿ ಒಂದು ಸಾಲು ಇಷ್ಟು ಬಂದರೆ ಕೊನೆಯ ಮಿತಿಗೆ ಬೇಕಾದ ಮಾಹಿತಿ ನಮ್ಮ ಜಿಲ್ಲೆಗಳಿಂದಲೇ ಸಿಗುತ್ತದೆ. ಔದ್ಯೋಗಿಕ ಆರೋಗ್ಯದ ರಾಷ್ಟ್ರೀಯ ಸಂಸ್ಥೆಯ ದಕ್ಷಿಣ ಕೇಂದ್ರ ಬೆಂಗಳೂರಿನಲ್ಲೇ ಇದೆ, ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ.

ಸರ್ಕಾರ ಯಾವ ಹೊಸ ಕಾನೂನಿಗೂ ಕಾಯದೆ ಮಾಡಬಹುದಾದದ್ದೂ ಒಂದಿದೆ. ಜಲ ಜೀವನ್ ಮಿಷನ್ ಪೈಪಿಗಾಗಲಿ, ಒಳಚರಂಡಿಗಾಗಲಿ ರಸ್ತೆ ಒಡೆಸುವುದು ಸರ್ಕಾರದ ಹಣವೇ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಕಾಂಕ್ರೀಟು ಒಡೆಯುವ ಕೆಲಸಕ್ಕೆ ಘನ ಮೀಟರಿಗೆ ಇಷ್ಟು ಎಂಬ ದರವಿದೆ. ಅಳತೆಗೂಲಿಯ ಸರಪಳಿ ಶುರುವಾಗುವುದು ಆ ಸಾಲಿನಿಂದ. ಅದೇ ಸಾಲಿನಲ್ಲಿ ಅದುರು ತಗ್ಗಿಸಿದ ಯಂತ್ರದ ಬಾಡಿಗೆಯನ್ನೂ ಪ್ರತಿ ಬ್ರೇಕರಿಗೆ ಎರಡನೆಯ ಆಳಿನ ಕೂಲಿಯನ್ನೂ ಸೇರಿಸಿ ದರ ಕಟ್ಟಿದರೆ, ಟೆಂಡರಿನ ಷರತ್ತಿನಲ್ಲಿ ಯಂತ್ರದ ಅದುರಿನ ಅಂಕಿಯನ್ನು ಕೇಳಿದರೆ, ಮಾನ್ವಿಯ ಹಳ್ಳಿಯಲ್ಲಿ ಐದಾರು ಹುಡುಗರನ್ನಿಟ್ಟುಕೊಂಡ ಮೇಸ್ತ್ರಿಗೂ ಅದು ತಲುಪುತ್ತದೆ, ಸಂಹಿತೆಯ ಹತ್ತರ ಸಂಖ್ಯೆ ಅವನನ್ನು ಮುಟ್ಟದಿದ್ದರೂ.